ನಾಯಿಗಳ ಮೆದುಳಿನ ಎಂಆರ್‌ಐ ಸೇವೆ: ಗೆಡ್ಡೆ ಪತ್ತೆಗೆ ಎಷ್ಟು ನಂಬಬಹುದು?

ಆರು ವರ್ಷ ದಾಟಿದ ನಾಯಿಗೆ ಮೊದಲ ಸಲ ಫಿಟ್ಸ್ ಬಂದರೆ ಪಶುವೈದ್ಯರು ಮೆದುಳಿನ ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಎಲ್ಲಿ ಮಾಡಿಸಬೇಕು, ಹೇಗೆ ಮಾಡಿಸಬೇಕು, ಕೊಟ್ಟ ದುಡ್ಡಿಗೆ ಏನು ಸಿಗಬೇಕು ಎಂಬುದನ್ನು ಹೇಳುವವರು ಕಡಿಮೆ. ಬೆಂಗಳೂರಿನಂಥ ನಗರಗಳಲ್ಲಿ ಈ ಸೇವೆ ಮೂರು ಬಗೆಯಲ್ಲಿ ಸಿಗುತ್ತದೆ: ಮನುಷ್ಯರ ಸ್ಕ್ಯಾನ್ ಕೇಂದ್ರದಲ್ಲಿ ರಾತ್ರಿ ವೇಳೆ, ಪ್ರಾಣಿ ಆಸ್ಪತ್ರೆಯ ಸಣ್ಣ ಶಕ್ತಿಯ ಯಂತ್ರದಲ್ಲಿ, ಇಲ್ಲವೇ ಪ್ರಾಣಿಗಳಿಗೆಂದೇ ಇಟ್ಟ ದೊಡ್ಡ ಶಕ್ತಿಯ ಯಂತ್ರದಲ್ಲಿ. ಎಂಆರ್‌ಐ ಬದಲು ಸಿಟಿ ಸ್ಕ್ಯಾನ್‌ನಲ್ಲೇ ಮುಗಿಸುವವರೂ ಇದ್ದಾರೆ. ಕೇಂದ್ರಗಳ ಹೆಸರು ಹಿಡಿದು ಅಂಕ ಕೊಡುವ ಕೆಲಸ ಇಲ್ಲಿಲ್ಲ, ಏಕೆಂದರೆ ಒಂದೇ ಯಂತ್ರದಲ್ಲಿ ಇಂದು ಒಳ್ಳೆಯ ಸ್ಕ್ಯಾನ್ ಆಗಿ ನಾಳೆ ಕೆಲಸಕ್ಕೆ ಬಾರದ ಸ್ಕ್ಯಾನ್ ಆಗಬಹುದು. ನಮ್ಮ ತೀರ್ಪು ಇಷ್ಟು: ಹೆಚ್ಚಿನ ಸಲ ಸ್ಕ್ಯಾನ್ ಕೆಡುವುದು ಯಂತ್ರದಿಂದಲ್ಲ. ಅರಿವಳಿಕೆ, ನಾಯಿಗೆ ಹೊಂದಿಸದ ಸೆಟ್ಟಿಂಗ್, ನಾಯಿಯ ಮೆದುಳು ಗೊತ್ತಿಲ್ಲದವರು ಬರೆದ ರಿಪೋರ್ಟ್, ಈ ಮೂರರಿಂದ.

ಯಾವ ನಾಯಿಗೆ ಇದು ಬೇಕು? ಅಂತರರಾಷ್ಟ್ರೀಯ ಪಶುವೈದ್ಯ ಎಪಿಲೆಪ್ಸಿ ಕಾರ್ಯಪಡೆ 2015ರಲ್ಲಿ ಕೊಟ್ಟ ಮಾರ್ಗಸೂಚಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಫಿಟ್ಸ್ ಆರು ತಿಂಗಳಿಗಿಂತ ಮೊದಲು ಅಥವಾ ಆರು ವರ್ಷದ ಮೇಲೆ ಬಂದಿದ್ದರೆ, ಎರಡು ಫಿಟ್ಸ್‌ಗಳ ನಡುವಿನ ದಿನಗಳಲ್ಲೂ ನರಪರೀಕ್ಷೆಯಲ್ಲಿ ದೋಷ ಕಂಡರೆ, ಶುರುವಿನಲ್ಲೇ ಒಂದರ ಹಿಂದೊಂದು ಫಿಟ್ಸ್ ಬಂದರೆ, ಪೂರ್ತಿ ಡೋಸ್ ಕೊಟ್ಟರೂ ಔಷಧಿಗೆ ಬಗ್ಗದಿದ್ದರೆ ಎಂಆರ್‌ಐ ಬೇಕು. ಎರಡು ವರ್ಷದ ಆರೋಗ್ಯವಂತ ಲ್ಯಾಬ್ರಡಾರ್‌ಗೆ ಎರಡು ಸಲ ಫಿಟ್ಸ್ ಬಂದು ಉಳಿದಂತೆ ಎಲ್ಲ ಸರಿ ಇದ್ದರೆ ಅಷ್ಟಕ್ಕೇ ಸ್ಕ್ಯಾನ್‌ಗೆ ಓಡುವ ಅವಸರವಿಲ್ಲ.

ಗೆಡ್ಡೆ ಇರುವ ನಾಯಿಯಲ್ಲಿ ಫಿಟ್ಸ್ ಒಂದೇ ಲಕ್ಷಣವಲ್ಲ. ಒಂದೇ ದಿಕ್ಕಿಗೆ ಸುತ್ತು ಹೊಡೆಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದಿರುವುದು, ಕಲಿತ ಅಭ್ಯಾಸ ಮರೆಯುವುದು, ಒಂದು ಕಡೆಯ ಕಣ್ಣಿನ ಮುಂದೆ ಕೈ ತಂದರೆ ರೆಪ್ಪೆ ಮಿಟುಕಿಸದಿರುವುದು. ಮುಂಮೆದುಳಿನ ಗೆಡ್ಡೆಯಾದರೆ ಸುತ್ತುವ ದಿಕ್ಕು ಸಾಮಾನ್ಯವಾಗಿ ಗೆಡ್ಡೆ ಇರುವ ಕಡೆಗೇ; ಕಣ್ಣಿನ ದೋಷ, ಪಾದ ಮಡಚಿದರೆ ಸರಿಮಾಡಿಕೊಳ್ಳದಿರುವ ದೋಷ ಎದುರು ಭಾಗದಲ್ಲಿ. ತಲೆ ವಾಲಿಸಿ, ಕಣ್ಣುಗುಡ್ಡೆ ತಾನೇ ಅತ್ತಿತ್ತ ಓಡುತ್ತಿದ್ದರೆ ಗಮನ ಮೆದುಳುಕಾಂಡ ಮತ್ತು ಕಿರುಮೆದುಳಿನ ಕಡೆ ಹೋಗಬೇಕು. ಮೂಗಿನ ಹಿಂಬದಿಯ ಘ್ರಾಣ ಭಾಗದಲ್ಲಿ ಗೆಡ್ಡೆ ಬೆಳೆದರೆ ನರಪರೀಕ್ಷೆ ಪೂರ್ತಿ ಸರಿ ಬರಬಹುದು, ಫಿಟ್ಸ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕಾಗಿಯೇ ‘ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್’ ಎಂಬ ಮಾತಿಗೆ ವಯಸ್ಸಾದ ನಾಯಿಯಲ್ಲಿ ಪೂರ್ತಿ ತೂಕ ಕೊಡಬಾರದು.

ಸ್ಕ್ಯಾನ್‌ಗೆ ಮೊದಲು ಆಗಬೇಕಾದ ಕೆಲಸಗಳನ್ನು ಬಿಟ್ಟು ನೇರವಾಗಿ ದಿನಾಂಕ ಕೊಡುವ ಕೇಂದ್ರವನ್ನು ನಾವು ಒಪ್ಪುವುದಿಲ್ಲ. ರಕ್ತದಲ್ಲಿ ಸಕ್ಕರೆ ಕುಸಿದರೂ ಫಿಟ್ಸ್ ಬರುತ್ತದೆ, ಲಿವರ್ ಕೆಟ್ಟರೂ ಬರುತ್ತದೆ. ಆದ್ದರಿಂದ ಪೂರ್ಣ ರಕ್ತಪರೀಕ್ಷೆ, ಉಪವಾಸದ ಗ್ಲೂಕೋಸ್, ಲವಣಾಂಶಗಳು, ಊಟಕ್ಕೆ ಮೊದಲು ಮತ್ತು ನಂತರದ ಪಿತ್ತಾಮ್ಲ, ರಕ್ತದೊತ್ತಡ ಇವೆಲ್ಲ ಮೊದಲು ಬೇಕು. ನಮ್ಮ ಕಡೆ ಇದಕ್ಕೆ ಇನ್ನೆರಡು ಸೇರಬೇಕು. ಒಂದು, ಉಣ್ಣಿ ಹುಳು ಕಚ್ಚಿ ಬರುವ ಎರ್ಲಿಕಿಯಾ ಮತ್ತು ಬಬೇಸಿಯಾ. ಎರ್ಲಿಕಿಯಾದಲ್ಲಿ ಪ್ಲೇಟ್‌ಲೆಟ್ ಇಳಿದು ಮೆದುಳಿನೊಳಗೇ ರಕ್ತಸ್ರಾವವಾಗಿ ಗೆಡ್ಡೆಯ ಲಕ್ಷಣಗಳೇ ಕಾಣಬಹುದು. ಎರಡು, ಡಿಸ್ಟೆಂಪರ್ ಎಂಬ ವೈರಸ್ ರೋಗ. ಲಸಿಕೆ ಸರಿಯಾಗಿ ಆಗದ ನಾಯಿಯ ದವಡೆಯೋ ಕಾಲೋ ನಿದ್ದೆಯಲ್ಲೂ ಲಯಬದ್ಧವಾಗಿ ಅದಿರುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆ ಇರಬೇಕು.

ರೇಬೀಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಲಸಿಕೆಯ ದಾಖಲೆ ಇಲ್ಲದ ನಾಯಿಯ ಸ್ವಭಾವ ಕೆಲವೇ ದಿನಗಳಲ್ಲಿ ಬದಲಾಗಿ, ಜೊಲ್ಲು ಸುರಿದು, ದವಡೆ ಜೋತುಬಿದ್ದಿದ್ದರೆ ಅದನ್ನು ಅರಿವಳಿಕೆ ಕೊಟ್ಟು ಸ್ಕ್ಯಾನ್ ಮೇಜಿಗೆ ಏರಿಸಬಾರದು. ಬಾಯಿಗೆ ಟ್ಯೂಬ್ ಹಾಕುವವರು, ಮೆದುಳು-ಬಳ್ಳಿ ದ್ರವ (ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ) ತೆಗೆಯುವವರು ಎಲ್ಲರೂ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ಬೆಂಗಳೂರಿನ ಮಟ್ಟಿಗೆ ಒಂದು ಅನುಕೂಲವಿದೆ: ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸ್ ಪತ್ತೆಯ ಪ್ರಯೋಗಾಲಯವಿದೆ, ನಿಮ್ಹಾನ್ಸ್‌ನಲ್ಲಿ ಮನುಷ್ಯರ ರೇಬೀಸ್‌ಗೆ ಸಂಬಂಧಿಸಿದ ಪರಿಣತಿ ಇದೆ. ಅನುಮಾನವಿದ್ದಾಗ ಪಶುವೈದ್ಯರು ಮೊದಲು ಆ ದಾರಿ ಹಿಡಿಯಬೇಕು.

ಎದೆಯ ಎಕ್ಸ್‌ರೇ ಮೂರು ಕೋನಗಳಲ್ಲಿ, ಹೊಟ್ಟೆಯ ಅಲ್ಟ್ರಾಸೌಂಡ್ ಒಂದು. ಮೆದುಳಿಗೆ ಬೇರೆಡೆಯಿಂದ ಹರಡಿ ಬಂದ ಕ್ಯಾನ್ಸರ್ ನಾಯಿಗಳಲ್ಲಿ ಅಪರೂಪವಲ್ಲ. ಗುಲ್ಮದ ಹೆಮಾಂಜಿಯೋಸಾರ್ಕೋಮಾ (ರಕ್ತನಾಳದ ಕ್ಯಾನ್ಸರ್) ಅದರಲ್ಲಿ ಮುಖ್ಯವಾದದ್ದು. ಗುಲ್ಮದಲ್ಲಿ ಗಂಟು, ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡರೆ ಮೆದುಳಿನ ಸ್ಕ್ಯಾನ್‌ನಿಂದ ನಿರ್ಧಾರ ಬದಲಾಗುವುದು ಕಡಿಮೆ. ಆಗ ಮಾಲೀಕರ ಹಣವೂ ನಾಯಿಯ ಅರಿವಳಿಕೆಯೂ ಎರಡೂ ಉಳಿಯುತ್ತವೆ. ಬೀದಿಯಿಂದ ತಂದು ಸಾಕಿದ ನಾಯಿಯಾದರೆ ತಲೆ ಮತ್ತು ಕುತ್ತಿಗೆಯ ಎಕ್ಸ್‌ರೇಯನ್ನೂ ಸೇರಿಸಿ. ಒಳಗೆ ಏರ್‌ಗನ್ ಗುಂಡೋ ಲೋಹದ ಚೂರೋ ಇದ್ದರೆ ಮೊದಲೇ ಗೊತ್ತಾಗಬೇಕು. ಭುಜಗಳ ನಡುವಿನ ಮೈಕ್ರೋಚಿಪ್‌ನಿಂದ ಮೆದುಳಿನ ಚಿತ್ರಕ್ಕೆ ತೊಂದರೆಯಾಗುವುದಿಲ್ಲ.

ಈಗ ಅರಿವಳಿಕೆ. ಈ ಸೇವೆಯಲ್ಲಿ ಒಳ್ಳೆಯ ಕೇಂದ್ರ ಮತ್ತು ಕೆಟ್ಟ ಕೇಂದ್ರದ ವ್ಯತ್ಯಾಸ ನಿಜವಾಗಿ ತಿಳಿಯುವುದು ಇಲ್ಲೇ. ಗೆಡ್ಡೆ ಇರುವ ತಲೆಬುರುಡೆಯೊಳಗೆ ಒತ್ತಡ ಮೊದಲೇ ಏರಿರುತ್ತದೆ. ನಾಯಿ ಸರಿಯಾಗಿ ಉಸಿರಾಡದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ರಕ್ತದ ಪ್ರಮಾಣ ಏರುತ್ತದೆ, ಒತ್ತಡ ಇನ್ನೂ ಏರಿ ಮೆದುಳಿನ ಭಾಗ ಬುರುಡೆಯ ತಳದ ರಂಧ್ರದ ಕಡೆಗೆ ಜಾರುತ್ತದೆ. ಸ್ಕ್ಯಾನ್ ಮೇಜಿನ ಮೇಲೆ ನಾಯಿ ಸತ್ತಿತು ಎಂಬ ಸುದ್ದಿಗಳಲ್ಲಿ ಹಲವಕ್ಕೆ ಹಿನ್ನೆಲೆ ಯಂತ್ರವಲ್ಲ, ಈ ಸರಪಳಿಯೇ ಇರಬಹುದು. ಆದ್ದರಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕದೆ ಬರೀ ಚುಚ್ಚುಮದ್ದಿನಲ್ಲಿ ಮಲಗಿಸಿ ಸ್ಕ್ಯಾನ್ ಮಾಡುತ್ತೇವೆ ಎನ್ನುವ ಕಡೆ ಮೆದುಳಿನ ಗೆಡ್ಡೆ ಅನುಮಾನವಿರುವ ನಾಯಿಯನ್ನು ಒಪ್ಪಿಸಲೇಬೇಡಿ. ಕ್ಸೈಲಜಿನ್-ಕೆಟಮಿನ್ ಜೋಡಿ ನಮ್ಮಲ್ಲಿ ಎಲ್ಲೆಡೆ ಬಳಕೆಯಲ್ಲಿದೆ, ಅಗ್ಗವೂ ಹೌದು. ಆದರೆ ಕ್ಸೈಲಜಿನ್ ವಾಂತಿ ಬರಿಸುತ್ತದೆ, ವಾಂತಿಯ ಹೊತ್ತಿಗೆ ತಲೆಯೊಳಗಿನ ಒತ್ತಡ ಜಿಗಿಯುತ್ತದೆ. ಈ ಕೆಲಸಕ್ಕೆ ಅದು ಬೇಡ.

ಕೇಳಬೇಕಾದ್ದು ಇಷ್ಟು. ಪ್ರೊಪೊಫಾಲ್‌ನಿಂದ ನಿಧಾನವಾಗಿ ಮಲಗಿಸುತ್ತಾರೆಯೇ? ಕೆಮ್ಮು ಬಾರದಷ್ಟು ಆಳಕ್ಕೆ ಹೋದ ಮೇಲೆ ಟ್ಯೂಬ್ ಹಾಕುತ್ತಾರೆಯೇ? ಉಸಿರಿನ ಕೊನೆಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಮಾನಿಟರ್ ಸ್ಕ್ಯಾನ್ ಕೋಣೆಯೊಳಗೇ ಇದೆಯೇ? ಅದು 35 ಮಿ.ಮೀ. ಪಾದರಸದ ಆಸುಪಾಸಿನಲ್ಲಿರಬೇಕು, 40 ದಾಟಿದರೆ ಕೈಯಿಂದ ಅಥವಾ ವೆಂಟಿಲೇಟರ್‌ನಿಂದ ಉಸಿರು ಕೊಡಬೇಕು, 30ಕ್ಕಿಂತ ಕೆಳಗೂ ಇಳಿಸಬಾರದು, ಇಳಿಸಿದರೆ ಮೆದುಳಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಸರಾಸರಿ ರಕ್ತದೊತ್ತಡ 70ರ ಕೆಳಗೆ ಬೀಳಬಾರದು. ಅರಿವಳಿಕೆಯ ಅನಿಲ ಐಸೊಫ್ಲುರೇನ್ ಹೆಚ್ಚಾದರೆ ಅದೂ ರಕ್ತನಾಳ ಹಿಗ್ಗಿಸುತ್ತದೆ, ಹಾಗಾಗಿ ಕಡಿಮೆ ಮಟ್ಟದಲ್ಲಿಡಬೇಕು. ಕುತ್ತಿಗೆಗೆ ಬೆಲ್ಟ್ ಬಿಗಿಯಬಾರದು, ರಕ್ತಪರೀಕ್ಷೆಗೆ ಕುತ್ತಿಗೆಯ ರಕ್ತನಾಳ ಒತ್ತಿ ಹಿಡಿಯಲೂಬಾರದು. ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿ ಹೃದಯದ ಬಡಿತ ಇಳಿದರೆ ಅದು ತಲೆಯೊಳಗಿನ ಒತ್ತಡ ಕೈಮೀರುತ್ತಿರುವ ಸೂಚನೆ. ಆಗ ಬಳಸಲು ಆ ಒತ್ತಡ ಇಳಿಸುವ 20 ಶೇಕಡಾ ಮ್ಯಾನಿಟಾಲ್ ಪಕ್ಕದಲ್ಲೇ ಸಿದ್ಧವಿರಬೇಕು. ಕೆ.ಜಿ.ಗೆ 0.5ರಿಂದ 1 ಗ್ರಾಂ, 15-20 ನಿಮಿಷದಲ್ಲಿ ರಕ್ತನಾಳಕ್ಕೆ. 30 ಕೆ.ಜಿ. ನಾಯಿಗೆ ಕಡಿಮೆ ಡೋಸ್ ಎಂದರೆ 75 ಮಿ.ಲೀ. ಎಸಿ ಕೋಣೆಯ ತಂಪಿನಲ್ಲಿ ಬಾಟಲಿಯಲ್ಲಿ ಹರಳು ಕಟ್ಟಿದ್ದರೆ ಬಿಸಿನೀರಿನಲ್ಲಿಟ್ಟು ಕರಗಿಸಿ, ಫಿಲ್ಟರ್ ಇರುವ ಸೆಟ್‌ನಲ್ಲೇ ಹಾಕಬೇಕು.

ಮನೆಯಲ್ಲಿ ಮಾಡಬೇಕಾದ ತಯಾರಿಯಲ್ಲಿ ಜನ ಎಡವುವುದು ಒಂದೇ ಕಡೆ: ‘ಖಾಲಿ ಹೊಟ್ಟೆ’ ಎಂದರೆ ಫಿಟ್ಸ್ ಮಾತ್ರೆಯನ್ನೂ ಬಿಡುವುದು. ಬಿಡಬಾರದು. ಊಟ 6ರಿಂದ 8 ಗಂಟೆ ಬಿಡಿಸಿ. ಬೆಳಗಿನ ಫಿನೋಬಾರ್ಬಿಟೋನ್ ಅಥವಾ ಲೆವೆಟಿರಾಸಿಟಮ್ ಅನ್ನು ವೈದ್ಯರನ್ನು ಕೇಳಿ ಹೊತ್ತಿಗೆ ಸರಿಯಾಗಿ ಕೊಡಿ. ಸ್ಟೆರಾಯ್ಡ್ ವಿಷಯ ಇದಕ್ಕೆ ತದ್ವಿರುದ್ಧ. ಸ್ಕ್ಯಾನ್‌ಗೆ ಮೊದಲೇ ಪ್ರೆಡ್ನಿಸೊಲೋನ್ ಶುರುಮಾಡಿದರೆ ಊತ ಇಳಿದು ನಾಯಿ ಚೇತರಿಸಿಕೊಂಡಂತೆ ಕಾಣುತ್ತದೆ ನಿಜ, ಆದರೆ ಮೆದುಳಿನ ಉರಿಯೂತವೂ ಲಿಂಫೋಮಾ ಎಂಬ ಕ್ಯಾನ್ಸರೂ ಚಿತ್ರದಲ್ಲಿ ಮತ್ತು ದ್ರವದ ಪರೀಕ್ಷೆಯಲ್ಲಿ ಮಸುಕಾಗುತ್ತವೆ. ಜೀವಕ್ಕೇ ಅಪಾಯವಿದ್ದಾಗ ಬೇರೆ ಮಾತು. ಇಲ್ಲದಿದ್ದರೆ ಸ್ಕ್ಯಾನ್ ಮುಗಿಯುವವರೆಗೆ ತಡೆಯಿರಿ.

ಯಂತ್ರಗಳ ಹೋಲಿಕೆಗೆ ಬರೋಣ. ಮನುಷ್ಯರ ಕೇಂದ್ರದ 1.5 ಟೆಸ್ಲಾ (ಅಯಸ್ಕಾಂತದ ಶಕ್ತಿಯ ಅಳತೆ) ಯಂತ್ರ ಚಿತ್ರದ ಗುಣಮಟ್ಟದಲ್ಲಿ ಅಷ್ಟೇ ಶಕ್ತಿಯ ಪ್ರಾಣಿ ಯಂತ್ರಕ್ಕೆ ಕಡಿಮೆಯಿಲ್ಲ. ಕೆಡುವುದು ಸೆಟ್ಟಿಂಗ್‌ನಲ್ಲಿ. ಮನುಷ್ಯನ ಮೆದುಳು ಸುಮಾರು 1,300 ಗ್ರಾಂ, ನಾಯಿಯದು ನೂರು ಗ್ರಾಂ ಮುಟ್ಟುವುದೂ ಕಷ್ಟ. ಮನುಷ್ಯರ ತಲೆಗಿಟ್ಟ 22-24 ಸೆಂ.ಮೀ. ವ್ಯಾಪ್ತಿ, 5 ಮಿ.ಮೀ. ದಪ್ಪದ ಪದರಗಳನ್ನು ಹಾಗೇ ಬಿಟ್ಟರೆ ಇಡೀ ಮೆದುಳು ಚಿತ್ರದ ಮಧ್ಯದಲ್ಲಿ ಅಡಿಕೆಯಷ್ಟು ಕಾಣುತ್ತದೆ, ಸಣ್ಣ ಗೆಡ್ಡೆ ಎರಡು ಪದರಗಳ ನಡುವೆ ಕಳೆದುಹೋಗುತ್ತದೆ. ವ್ಯಾಪ್ತಿಯನ್ನು 12-15 ಸೆಂ.ಮೀ.ಗೆ, ಪದರವನ್ನು 3 ಮಿ.ಮೀ. ಅಥವಾ ಕಡಿಮೆಗೆ ತರಬೇಕು. ಸಿಗ್ನಲ್ ಹಿಡಿಯಲು ತಲೆಗೆ ಹಾಕುವ ದೊಡ್ಡ ಕಾಯಿಲ್ ಬದಲು ಮಂಡಿಗೆ ಬಳಸುವ ಕಾಯಿಲ್ ಸಣ್ಣ ಮತ್ತು ಮಧ್ಯಮ ಗಾತ್ರದ ನಾಯಿಯ ತಲೆಗೆ ಚೆನ್ನಾಗಿ ಹೊಂದುತ್ತದೆ, ಸಿಗ್ನಲ್ ಕೂಡ ಗಟ್ಟಿಯಾಗಿ ಬರುತ್ತದೆ. ತಂತ್ರಜ್ಞರಿಗೆ ಇದನ್ನು ಹೇಳಲು ಪಶುವೈದ್ಯರೊಬ್ಬರು ಕನ್ಸೋಲ್ ಬಳಿ ಕೂತಿರಬೇಕು. ಕೂತಿಲ್ಲದ ಕಡೆ ಈ ಸೇವೆಗೆ ನಾವು ಐದಕ್ಕೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ, ಕೂತಿದ್ದರೆ ನಾಲ್ಕು. ಇಂಥ ಕೇಂದ್ರಗಳಲ್ಲಿ ಇನ್ನೊಂದು ಕೊರತೆ ಅರಿವಳಿಕೆ ಯಂತ್ರದ್ದು. ಸಾಮಾನ್ಯ ಉಕ್ಕಿನ ಆಕ್ಸಿಜನ್ ಸಿಲಿಂಡರನ್ನು ಕೋಣೆಯೊಳಗೆ ತಂದರೆ ಅಯಸ್ಕಾಂತ ಅದನ್ನು ಕ್ಷಿಪಣಿಯಂತೆ ಎಳೆದುಕೊಳ್ಳುತ್ತದೆ. ಸಾಮಾನ್ಯ ಇಸಿಜಿ ವೈರು ಚರ್ಮ ಸುಡಬಹುದು. ಅಲ್ಯೂಮಿನಿಯಂ ಸಿಲಿಂಡರ್ ಅಥವಾ ಗೋಡೆಯ ಪೈಪ್‌ನಿಂದ ಬರುವ ಆಕ್ಸಿಜನ್, ಎಂಆರ್‌ಐಗೆ ಹೊಂದುವ ಮಾನಿಟರ್ ಎರಡೂ ಇರಲೇಬೇಕು.

ಪ್ರಾಣಿ ಆಸ್ಪತ್ರೆಗಳಲ್ಲಿ ಕಾಣುವ 0.2ರಿಂದ 0.4 ಟೆಸ್ಲಾದ ಶಾಶ್ವತ ಅಯಸ್ಕಾಂತದ ಯಂತ್ರಗಳು ಅಗ್ಗ, ಹೀಲಿಯಂ ಬೇಡ, ಸುತ್ತ ಇರುವವರಿಗೆ ಪ್ರಾಣಿಗಳ ಅರಿವಳಿಕೆ ಗೊತ್ತು. ಮೆದುಳಿನ ಹೊರಪದರದಿಂದ ಹುಟ್ಟಿದ ದೊಡ್ಡ ಮೆನಿಂಜಿಯೋಮಾ ಇವುಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ 1.5 ಟೆಸ್ಲಾದಲ್ಲಿ 45-60 ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಅದರ ಎರಡು ಪಟ್ಟು ಹಿಡಿಯಬಹುದು. ಮೆದುಳುಕಾಂಡದ ಸಣ್ಣ ಗಾಯ, ಹೊಸದಾದ ಪಾರ್ಶ್ವವಾಯು, ತೆಳುವಾದ ಪೊರೆಯ ಬದಲಾವಣೆ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ‘ಸ್ಕ್ಯಾನ್ ನಾರ್ಮಲ್’ ಎಂದು ಇಂಥ ಯಂತ್ರದಿಂದ ಬಂದು, ಲಕ್ಷಣ ಮುಂದುವರಿದರೆ ಅದನ್ನು ಕೊನೆಯ ಮಾತಾಗಿ ತೆಗೆದುಕೊಳ್ಳಬೇಡಿ. ಪ್ರಾಣಿಗಳಿಗೆಂದೇ ಇರುವ 1.5 ಟೆಸ್ಲಾ ಯಂತ್ರ, ಒಳ್ಳೆಯ ಅರಿವಳಿಕೆ ತಂಡ ಎರಡೂ ಒಂದೇ ಸೂರಿನಡಿ ಸಿಕ್ಕರೆ ದೂರವಾದರೂ ಅಲ್ಲಿಗೇ ಹೋಗಿ.

ಸಿಟಿ ಸ್ಕ್ಯಾನ್ ಕೆಲವೇ ನಿಮಿಷದ ಕೆಲಸ, ಅರಿವಳಿಕೆ ಚಿಕ್ಕದು. ಮೂಗಿನೊಳಗಿನ ಕ್ಯಾನ್ಸರ್ ಮೂಳೆ ಕೊರೆದು ಮೆದುಳಿಗೆ ನುಗ್ಗಿದೆಯೇ ಎಂದು ನೋಡಲು, ತಲೆಗೆ ಪೆಟ್ಟು ಬಿದ್ದಾಗ, ತಾಜಾ ರಕ್ತಸ್ರಾವಕ್ಕೆ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಅಳೆಯಲು ಅದು ಸಾಕು. ಗೆಡ್ಡೆ ನೋಡಲು ಕಾಂಟ್ರಾಸ್ಟ್ (ಚಿತ್ರದಲ್ಲಿ ಗೆಡ್ಡೆ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕದ ಸಿಟಿ ಮಾಡಿಸುವುದು ಹಣ ದಂಡ, ಮಿ.ಲೀ.ಗೆ 300 ಮಿ.ಗ್ರಾಂ ಅಯೋಡಿನ್ ಇರುವ ಔಷಧಿ ಕೆ.ಜಿ.ಗೆ 2 ಮಿ.ಲೀ. ಲೆಕ್ಕದಲ್ಲಿ ಬೇಕು. ಕಿವಿಯ ಬಳಿಯ ದಪ್ಪ ಮೂಳೆಗಳು ಕಿರುಮೆದುಳು ಮತ್ತು ಮೆದುಳುಕಾಂಡದ ಮೇಲೆ ಅಡ್ಡ ಪಟ್ಟಿಗಳನ್ನು ಎಳೆಯುವುದರಿಂದ ತಲೆ ವಾಲಿಸುವ ನಾಯಿಗೆ ಸಿಟಿ ಸರಿಯಾದ ಆಯ್ಕೆಯಲ್ಲ.

ಎಂಆರ್‌ಐನಲ್ಲಿ ಬೇರೆ ಬೇರೆ ಸೆಟ್ಟಿಂಗ್‌ಗಳ ಚಿತ್ರಗಳಿಗೆ ಬೇರೆ ಬೇರೆ ಹೆಸರು. ಯಾವ ಚಿತ್ರಗಳು ಕೈಗೆ ಬರಬೇಕು? ಟಿ2 ಉದ್ದಕ್ಕೂ ಅಡ್ಡಕ್ಕೂ, ಫ್ಲೇರ್, ಕಾಂಟ್ರಾಸ್ಟ್‌ಗೆ ಮೊದಲಿನ ಟಿ1, ರಕ್ತಸ್ರಾವ ಹಿಡಿಯುವ ಗ್ರೇಡಿಯೆಂಟ್ ಎಕೋ, ಪಾರ್ಶ್ವವಾಯು ಬೇರ್ಪಡಿಸುವ ಡಿಫ್ಯೂಷನ್ ಮತ್ತು ಅದರ ಎಡಿಸಿ ನಕ್ಷೆ, ಕಾಂಟ್ರಾಸ್ಟ್ ನಂತರದ ಟಿ1 ಮೂರೂ ಕೋನಗಳಲ್ಲಿ. ಇದರಲ್ಲಿ ಡಿಫ್ಯೂಷನ್ ಬಿಟ್ಟುಬಿಡುವ ಕೇಂದ್ರಗಳಿವೆ. ಬಿಡಬಾರದು. ಹೊಸ ಪಾರ್ಶ್ವವಾಯು ಮತ್ತು ಮೆದುಳಿನ ಒಳಗೇ ಹುಟ್ಟುವ ಗ್ಲಿಯೋಮಾ ಗೆಡ್ಡೆ ಟಿ2ನಲ್ಲಿ ಒಂದೇ ರೀತಿ ಬೆಳ್ಳಗೆ ಕಾಣಬಹುದು. ಒಂದಕ್ಕೆ ವಾರಗಳಲ್ಲಿ ಚೇತರಿಕೆ ಸಾಧ್ಯ, ಇನ್ನೊಂದಕ್ಕೆ ಇಲ್ಲ. ಇವೆರಡನ್ನು ಅದಲುಬದಲು ಮಾಡಿಕೊಂಡು ನಾಯಿಗೆ ದಯಾಮರಣ ಕೊಡಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಫಿಟ್ಸ್ ಬಂದು ಕೆಲವೇ ದಿನಗಳಲ್ಲಿ ತೆಗೆದ ಚಿತ್ರದಲ್ಲಿ ಮೆದುಳಿನ ಪಕ್ಕದ ಟೆಂಪೊರಲ್ ಭಾಗ, ಅದರೊಳಗಿನ ಹಿಪೊಕ್ಯಾಂಪಸ್ ಬೆಳ್ಳಗಾಗುವುದೂ ಉಂಟು. ಅದು ಫಿಟ್ಸ್‌ನ ಪರಿಣಾಮ, ಕಾರಣವಲ್ಲ. ಕೆಲವು ವಾರಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಮಾಯವಾಗಿರುತ್ತದೆ.

ಕಾಂಟ್ರಾಸ್ಟ್‌ನ ಡೋಸ್‌ನಲ್ಲಿ ಆಗುವ ಒಂದು ತಪ್ಪನ್ನು ಹೇಳಲೇಬೇಕು. ಎಂಆರ್‌ಐಗೆ ಬಳಸುವ ಕಾಂಟ್ರಾಸ್ಟ್ ಗ್ಯಾಡೊಲಿನಿಯಂ, ಕೆ.ಜಿ.ಗೆ 0.1 ಮಿಲಿಮೋಲ್. ಗ್ಯಾಡೊಟೆರೇಟ್‌ನಂಥ ಔಷಧಿಗಳು ಮಿ.ಲೀ.ಗೆ 0.5 ಮಿಲಿಮೋಲ್ ಇರುತ್ತವೆ, ಹಾಗಾಗಿ 30 ಕೆ.ಜಿ.ಗೆ 6 ಮಿ.ಲೀ. ಗ್ಯಾಡೊಬ್ಯುಟ್ರಾಲ್ ಮಾತ್ರ ಎರಡು ಪಟ್ಟು ಗಟ್ಟಿ, ಅದರಲ್ಲಿ 3 ಮಿ.ಲೀ. ಸಾಕು. ಬಾಟಲಿಯ ಹೆಸರು ನೋಡದೆ ಒಂದೇ ಲೆಕ್ಕ ಹಾಕಿದರೆ ಒಂದೋ ದುಪ್ಪಟ್ಟು ಹೋಗುತ್ತದೆ, ಇಲ್ಲವೇ ಅರ್ಧ ಮಾತ್ರ ಹೋಗಿ ಗೆಡ್ಡೆ ಬಣ್ಣ ಹಿಡಿಯದೆ ‘ಕಾಂಟ್ರಾಸ್ಟ್ ಹೀರಿಲ್ಲ’ ಎಂಬ ತಪ್ಪು ಸಾಲು ರಿಪೋರ್ಟ್ ಸೇರುತ್ತದೆ.

ರಿಪೋರ್ಟ್ ಬರೆಯುವವರು ಪಶು ರೇಡಿಯಾಲಜಿಯಲ್ಲೋ ಪಶು ನರವಿಜ್ಞಾನದಲ್ಲೋ ತರಬೇತಾದವರಾಗಿರಬೇಕು. ಮನುಷ್ಯರ ರೇಡಿಯಾಲಜಿಸ್ಟ್‌ಗಳು ತಮ್ಮ ಕ್ಷೇತ್ರದಲ್ಲಿ ಎಷ್ಟೇ ನುರಿತವರಾದರೂ ಪಗ್, ಬುಲ್‌ಡಾಗ್‌ಗಳಲ್ಲಿ ಸಹಜವಾಗಿಯೇ ಹಿಗ್ಗಿ, ಎಡ-ಬಲ ಅಸಮವಾಗಿರುವ ಮೆದುಳಿನ ಕುಹರಗಳನ್ನು ರೋಗವೆಂದು ಬರೆದುಬಿಡಬಹುದು. ಒಳ್ಳೆಯ ರಿಪೋರ್ಟ್‌ನಲ್ಲಿ ಗೆಡ್ಡೆ ಮೆದುಳಿನ ಒಳಗೋ ಹೊರಗೋ, ಮೂರು ಅಳತೆಗಳು, ಮಧ್ಯರೇಖೆ ಎಷ್ಟು ಮಿ.ಮೀ. ಸರಿದಿದೆ, ಊತ, ಮೆದುಳು ಜಾರಿದೆಯೇ, ಕಾಂಟ್ರಾಸ್ಟ್ ಹೇಗೆ ಹೀರಿದೆ, ಸಾಧ್ಯತೆಗಳು ಯಾವ ಕ್ರಮದಲ್ಲಿ ಎಂಬುದೆಲ್ಲ ಇರುತ್ತದೆ. ಅಗಲ ಬುಡದಿಂದ ಪೊರೆಗೆ ಅಂಟಿಕೊಂಡು, ಏಕರೂಪವಾಗಿ ಹೊಳೆದು, ಪೊರೆಯುದ್ದಕ್ಕೂ ಬಾಲ ಚಾಚಿದ್ದರೆ ಮೆನಿಂಜಿಯೋಮಾ. ಇದು ನಾಯಿಗಳ ಮೆದುಳಲ್ಲೇ ಹುಟ್ಟುವ ಗೆಡ್ಡೆಗಳಲ್ಲಿ ಅತಿ ಸಾಮಾನ್ಯ, ಗೋಲ್ಡನ್ ರಿಟ್ರೀವರ್‌ನಂಥ ಉದ್ದ ಮೂತಿಯ ತಳಿಗಳಲ್ಲಿ ಹೆಚ್ಚು. ಬಾಕ್ಸರ್, ಬುಲ್‌ಡಾಗ್, ಬೋಸ್ಟನ್ ಟೆರಿಯರ್‌ಗಳಲ್ಲಿ ಮೆದುಳಿನ ಒಳಗೇ, ಉಂಗುರದಂತೆ ಹೊಳೆಯುವ ಗಾಯ ಕಂಡರೆ ಗ್ಲಿಯೋಮಾ ಮೊದಲ ಸಾಲಿನಲ್ಲಿ ಬರುತ್ತದೆ. ಪಿಟ್ಯುಟರಿ ವಿಷಯದಲ್ಲಿ ಗ್ರಂಥಿಯ ಎತ್ತರವನ್ನು ಮೆದುಳಿನ ವಿಸ್ತೀರ್ಣಕ್ಕೆ ಹೋಲಿಸುವ ಲೆಕ್ಕವಿದೆ, 0.31 ದಾಟಿದರೆ ಗ್ರಂಥಿ ಹಿಗ್ಗಿದೆ ಎಂದರ್ಥ. ಕುಶಿಂಗ್ ರೋಗಕ್ಕೆ (ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನ್ ಅತಿಯಾಗುವ ರೋಗ) ಚಿಕಿತ್ಸೆಯಲ್ಲಿರುವ ನಾಯಿ ಮಂಕಾಗಿ ಊಟ ಬಿಟ್ಟರೆ ಈ ಅಳತೆ ಕೇಳಿ ಪಡೆಯಿರಿ.

ಇಷ್ಟಾದರೂ ಎಂಆರ್‌ಐ ಹೇಳುವುದು ಊಹೆ, ಬಲವಾದ ಊಹೆ. ಖಚಿತ ಹೆಸರು ಬಯಾಪ್ಸಿಯಿಂದ ಮಾತ್ರ, ಮತ್ತು ನಾಯಿಗಳ ಮೆದುಳಿನ ಬಯಾಪ್ಸಿ ನಮ್ಮಲ್ಲಿ ವಿರಳ. ಹಾಗಾಗಿ ಹೆಚ್ಚಿನ ಕಡೆ ಅದರ ಜಾಗದಲ್ಲಿ ಮೆದುಳು-ಬಳ್ಳಿ ದ್ರವದ ಪರೀಕ್ಷೆ ಸೇರಿಸುತ್ತಾರೆ. ಎಂಆರ್‌ಐಗೆ ಮೊದಲು ದ್ರವ ತೆಗೆಯುವುದು ಅಪಾಯ. ಚಿತ್ರದಲ್ಲಿ ಒತ್ತಡವೋ ಜಾರುವಿಕೆಯೋ ಕಂಡರೆ ನಂತರವೂ ಬೇಡ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೂ ಬೇಡ. ಪ್ರಮಾಣ 5 ಕೆ.ಜಿ.ಗೆ 1 ಮಿ.ಲೀ. ಮೀರಬಾರದು. ತೆಗೆದ ದ್ರವದಲ್ಲಿನ ಜೀವಕೋಶಗಳು ಬೇಗ ಒಡೆಯುವುದರಿಂದ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಎಣಿಕೆ ಆಗಬೇಕು. ಸಂಜೆ ತೆಗೆದು ಮರುದಿನ ಬೆಳಿಗ್ಗೆ ಕೊರಿಯರ್ ಮಾಡುವ ಮಾದರಿಗೆ ಬೆಲೆಯಿಲ್ಲ. ಗೆಡ್ಡೆಗಳಲ್ಲಿ ಈ ಪರೀಕ್ಷೆ ಬರೀ ಪ್ರೋಟೀನ್ ಹೆಚ್ಚಿದೆ ಎಂದಷ್ಟೇ ಹೇಳಿ ಸುಮ್ಮನಾಗುವುದೇ ಹೆಚ್ಚು. ಲಿಂಫೋಮಾದಲ್ಲಿ ಮಾತ್ರ ಕೆಲವೊಮ್ಮೆ ಕ್ಯಾನ್ಸರ್ ಕೋಶಗಳೇ ಸಿಗುತ್ತವೆ, ಉರಿಯೂತವಿದ್ದರೆ ಬಿಳಿರಕ್ತಕಣ ಏರಿರುತ್ತವೆ. ಉರಿಯೂತಕ್ಕೆ ಚಿಕಿತ್ಸೆ ಇದೆ ಎಂಬ ಕಾರಣಕ್ಕೇ ಈ ಪರೀಕ್ಷೆ ಮಾಡಿಸುವುದು ಸಾರ್ಥಕ.

ಬಿಲ್ ಪಡೆಯುವಾಗ ಅರಿವಳಿಕೆ, ಕಾಂಟ್ರಾಸ್ಟ್, ರಿಪೋರ್ಟ್, ದ್ರವ ಪರೀಕ್ಷೆ ಇವು ಪ್ಯಾಕೇಜ್‌ನಲ್ಲಿ ಸೇರಿವೆಯೇ ಬೇರೆಯೇ ಎಂದು ಬರೆಸಿಕೊಳ್ಳಿ. ಫಿಲ್ಮ್ ಶೀಟು ಅಥವಾ ವಾಟ್ಸಾಪ್ ಫೋಟೊ ಒಪ್ಪಬೇಡಿ. ಪೂರ್ತಿ ಡೈಕಾಮ್ ಫೈಲ್‌ಗಳನ್ನು (ಸ್ಕ್ಯಾನ್‌ನ ಮೂಲ ಚಿತ್ರಗಳು) ಪೆನ್‌ಡ್ರೈವ್‌ನಲ್ಲೋ ಲಿಂಕ್‌ನಲ್ಲೋ ಪಡೆಯಿರಿ. ಬೇರೆ ಊರಿನ, ಬೇರೆ ದೇಶದ ಪಶು ನರತಜ್ಞರಿಂದ ಎರಡನೇ ಅಭಿಪ್ರಾಯ ಕೇಳಲು ಅವೇ ಬೇಕು.

ಸ್ಕ್ಯಾನ್ ಮುಗಿದ ಮೇಲೆ ನಾಯಿ ತಾನಾಗಿ ನುಂಗಿ, ಎದ್ದು ನಿಲ್ಲುವವರೆಗೆ ಆಸ್ಪತ್ರೆಯಲ್ಲೇ ಇರಬೇಕು. ಎಚ್ಚರವಾಗುವ ಹೊತ್ತಿಗೆ ಫಿಟ್ಸ್ ಬರಬಹುದು, ಆಗ ಕೊಡಲು ಡಯಾಜೆಪಾಮ್ ಸಿರಿಂಜ್‌ನಲ್ಲಿ ತುಂಬಿಟ್ಟಿರಬೇಕು. ಮನೆಗೆ ಬಂದ ಮೇಲೆ ಕಣ್ಣಿನ ಪಾಪೆಗಳ ಗಾತ್ರದಲ್ಲಿ ಹೊಸದಾಗಿ ವ್ಯತ್ಯಾಸ ಕಂಡರೆ, ಎಬ್ಬಿಸಿದರೂ ಏಳದಷ್ಟು ಮಂಪರು ಮುಂದುವರಿದರೆ ಅಥವಾ ಉಸಿರು ತೀರಾ ನಿಧಾನವಾದರೆ ಬೆಳಗಾಗುವವರೆಗೆ ಕಾಯದೆ ವಾಪಸ್ ಕರೆದುಕೊಂಡು ಹೋಗಿ. ರಾತ್ರಿ ಕರೆ ಸ್ವೀಕರಿಸುವ ವೈದ್ಯರ ನಂಬರನ್ನು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಂಡಿರಿ.